ಕುಂಟು ಹಸುವಿಗಾಗಿ ಒಂದು ಯುದ್ಧ

ಕೋಟೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕಲ್ಲಿನ ಗೋಡೆ, ಬುರುಜು, ಕಂದಕ. ಅಮೆರಿಕದ ವಯೋಮಿಂಗ್‌ನಲ್ಲಿ ಫೋರ್ಟ್ ಲಾರಮಿ ಅಂತ ಒಂದಿದೆ. 1834ರಲ್ಲಿ ತುಪ್ಪಳದ ವ್ಯಾಪಾರಿಗಳು ಶುರು ಮಾಡಿದ ಠಾಣೆ. 1849ರಲ್ಲಿ ಸೈನ್ಯ ಅದನ್ನು 4,000 ಡಾಲರ್‌ಗೆ ಕೊಂಡುಕೊಂಡಿತು. ಪಶ್ಚಿಮಕ್ಕೆ ವಲಸೆ ಹೊರಟ ಬಂಡಿಗಳನ್ನು ಕಾಯಬೇಕಿತ್ತು. ಹೊಸ ಕಟ್ಟಡಗಳನ್ನು ಬಯಲಿನಲ್ಲೇ ಎಬ್ಬಿಸಿದರು, ಸುತ್ತ ಗೋಡೆ ಹಾಕಲಿಲ್ಲ.

ನನ್ನನ್ನು ಕೇಳಿದರೆ, ಅಲ್ಲಿನ ಫಿರಂಗಿಗಿಂತ ಕಾಗದವೇ ಜಾಸ್ತಿ ಹಾನಿ ಮಾಡಿತು. ಅಮೆರಿಕ ಸರ್ಕಾರದ 1851ರ ಒಪ್ಪಂದ ನೋಡಿ. ಬಯಲು ಸೀಮೆಯ ಮೂಲನಿವಾಸಿಗಳಿಗೆ ವರ್ಷಕ್ಕೆ 50,000 ಡಾಲರ್ ಬೆಲೆಯ ಸಾಮಾನು, 50 ವರ್ಷ ಕೊಡುತ್ತೇವೆ ಅಂದರು. ಎಲ್ಲರೂ ಗುರುತು ಹಾಕಿ ಮನೆಗೆ ಹೋದ ಮೇಲೆ ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ 50 ವರ್ಷವನ್ನು 10ಕ್ಕೆ ಇಳಿಸಿತು. ನಮ್ಮೂರ ಸಾಹುಕಾರನೂ ಇಷ್ಟು ನಾಚಿಕೆ ಬಿಡಲಾರ!

ಮೂರು ವರ್ಷದ ನಂತರ, 1854ರ ಆಗಸ್ಟ್. ವಲಸೆಗಾರನೊಬ್ಬನ ಕುಂಟು ಹಸು ತಪ್ಪಿಸಿಕೊಂಡು, ಆ ಮೂಲನಿವಾಸಿಗಳಲ್ಲೇ ಒಂದು ಜನಾಂಗವಾದ ಲಕೋಟರ ಬಿಡಾರದ ಕಡೆ ಹೋಯಿತು. ಅಲ್ಲಿಗೆ ನೆಂಟನಾಗಿ ಬಂದಿದ್ದ ಒಬ್ಬ ಅದನ್ನು ಕೊಂದ. ಬಿಡಾರದ ಹಿರಿಯ ಕಾಂಕರಿಂಗ್ ಬೇರ್ ಸುಮ್ನೆ ಕೂರಲಿಲ್ಲ. ಹಸುವಿಗೆ ಬದಲು ಕುದುರೆ ಕೊಡುತ್ತೇನೆ ಅಂದ. ಹಸು ಹೋದರೆ ಕುದುರೆ, ನಷ್ಟ ಯಾರಿಗೆ ಹೇಳಿ? ಆದರೂ ಮಿಲಿಟರಿ ಶಾಲೆಯಿಂದ ಆಗಷ್ಟೇ ಹೊರಬಂದಿದ್ದ ಲೆಫ್ಟಿನೆಂಟ್ ಗ್ರಾಟನ್ 29 ಸೈನಿಕರು, ಎರಡು ಫಿರಂಗಿ ಕಟ್ಟಿಕೊಂಡು ಕೋಟೆಯಿಂದ ಹೊರಟ. ಕೊಂದವನನ್ನು ಒಪ್ಪಿಸಲೇಬೇಕಂತೆ. ಜೊತೆಗಿದ್ದ ದುಭಾಷಿ ಕುಡಿದಿದ್ದ. ಬಿಡಾರದವರನ್ನು ಬಾಯಿಗೆ ಬಂದಂತೆ ಬೈಯುತ್ತಾ ಹೋದ.

ಕೊನೆಗೆ ಗುಂಡು ಹಾರಿತು. ಕಾಂಕರಿಂಗ್ ಬೇರ್‌ಗೂ ಬಿತ್ತು, ಆ ಗಾಯದಿಂದಲೇ ಸತ್ತ. 1851ರಲ್ಲಿ ಎಲ್ಲ ಲಕೋಟರಿಗೂ ನೀನೇ ಮುಖಂಡ ಅಂತ ಅಮೆರಿಕನ್ನರೇ ಪಟ್ಟ ಕಟ್ಟಿದ್ದು ಇವನಿಗೇ. ಗ್ರಾಟನ್ ಕಡೆಯವರೂ ಯಾರೂ ಉಳಿಯಲಿಲ್ಲ. ಮರುವರ್ಷ ಸೈನ್ಯ ಸೇಡು ತೀರಿಸಿಕೊಂಡಿತು. ಆಗ ಹೆಂಗಸರು, ಮಕ್ಕಳೂ ಸತ್ತರು.

1868ರಲ್ಲಿ ಫೋರ್ಟ್ ಲಾರಮಿಯಲ್ಲಿ ಇನ್ನೊಂದು ಕಾಗದ. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ನಿಮ್ಮವೇ ಅಂತ ಲಕೋಟರಿಗೆ ಬರೆದುಕೊಟ್ಟರು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. 1877ಕ್ಕೆ ಬೆಟ್ಟ ಕಿತ್ತುಕೊಂಡಾಗಿತ್ತು. ಗೊತ್ತಿದ್ದ ಕತೆಯೇ, ಅಲ್ವಾ?

1890ರಲ್ಲಿ ಸೈನ್ಯ ಫೋರ್ಟ್ ಲಾರಮಿ ಖಾಲಿ ಮಾಡಿತು. ಕಟ್ಟಡಗಳನ್ನು ಹರಾಜು ಹಾಕಿದರು. ಜನ ಮರಮುಟ್ಟು ಕಿತ್ತುಕೊಂಡು ಹೋದರು. ಉಳಿದದ್ದನ್ನು ಈಗ ಸ್ಮಾರಕ ಅಂತ ಚೆನ್ನಾಗಿ ಇಟ್ಟಿದ್ದಾರೆ.

ಆದರೆ 1868ರ ಕಾಗದಕ್ಕೆ ಇನ್ನೂ ಜೀವ ಇದೆ. ಬೆಟ್ಟ ಕಿತ್ತುಕೊಂಡಿದ್ದಕ್ಕೆ ಪರಿಹಾರ ಕೊಡಲೇಬೇಕು ಅಂತ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆಗಿನ ಲೆಕ್ಕ ಸುಮಾರು 10.6 ಕೋಟಿ ಡಾಲರ್. ನಮಗೆ ದುಡ್ಡು ಬೇಡ, ಬೆಟ್ಟ ಕೊಡಿ ಅಂದರು ಲಕೋಟರು. ಬಡ್ಡಿ ಸೇರಿ ಅದೀಗ 100 ಕೋಟಿ ಡಾಲರ್ ದಾಟಿದೆ. ದುಡ್ಡು ಸರ್ಕಾರದ ಖಾತೆಯಲ್ಲೇ ಕೂತಿದೆ.