ಮಲಪ್ರಭೆಯ ತವರನ್ನು ಬೇಸಿಗೆಯಲ್ಲಿ ನೋಡಿ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಖಾನಾಪುರ ತಾಲ್ಲೂಕಿನ ಭೀಮಗಡ ವನ್ಯಜೀವಿ ಧಾಮಕ್ಕೆ ಯಾವಾಗ ಹೋಗಬೇಕೆಂದು ಕೇಳಿದರೆ ಎಲ್ಲರೂ ಮಳೆಗಾಲವನ್ನೇ ಹೇಳುತ್ತಾರೆ. ನಾನು ಮಾತ್ರ ಬೇಸಿಗೆ ಎನ್ನುತ್ತೇನೆ. ಬೆಳಗಾವಿಯಲ್ಲಿ ಬಹಳ ವರ್ಷ ಸಸ್ಯಶಾಸ್ತ್ರ ಕಲಿಸಿದ ನಾನು ಪ್ರತಿ ತಂಡದ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತ ಬಂದಿದ್ದೇನೆ. ಜುಲೈ ತಿಂಗಳಿನಲ್ಲಿ ನೀರು ನಮ್ಮ ಓಣಿಯ ಗಟಾರದಲ್ಲಿಯೂ ಹರಿಯುತ್ತದೆ. ಮಾರ್ಚ್ ತಿಂಗಳಿನ ಬಿಸಿಲಿನಲ್ಲಿ ನೀರು ಎಲ್ಲಿ ಉಳಿದಿದೆ, ಯಾರು ಉಳಿಸಿಕೊಂಡಿದ್ದಾರೆ ಎಂಬುದನ್ನು ನೋಡುವುದಕ್ಕಾಗಿ ಬೆಟ್ಟಕ್ಕೆ ಹೋಗಬೇಕು.

ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟನ್ನು ತುಂಬಿಸಿ, ಪಟ್ಟದಕಲ್ಲು ಮತ್ತು ಐಹೊಳೆಗಳ ದಂಡೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹುಟ್ಟುವುದು ಈ ಕಾಡುಗಳ ಸೀಮೆಯ ಕಣಕುಂಬಿಯಲ್ಲಿ. ಅಲ್ಲಿನ ಬೆಟ್ಟಸಾಲಿನ ಮೂಡಣ ಇಳಿಜಾರಿಗೆ ಬಿದ್ದ ಮಳೆ ಮಲಪ್ರಭೆಯಾಗಿ ಬಂಗಾಳ ಕೊಲ್ಲಿಯ ಕಡೆಗೆ ಹೊರಡುತ್ತದೆ. ಪಡುವಣಕ್ಕೆ ಬಿದ್ದದ್ದು ಮಹದಾಯಿಯಾಗಿ, ಗೋವೆಯಲ್ಲಿ ಮಾಂಡವಿಯೆಂಬ ಹೆಸರು ಪಡೆದು, ಪಣಜಿಯ ಬಳಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ಬಾಗಲಕೋಟೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವುದೇ ಕಷ್ಟವಾದರೆ, ಈ ಘಟ್ಟದ ನೆತ್ತಿಯಲ್ಲಿ 3,000 ಮಿಲಿಮೀಟರಿಗೂ ಮೀರಿ ಸುರಿಯುತ್ತದೆ. ಆದರೆ ಸುರಿಯುವುದು ನಾಲ್ಕು ತಿಂಗಳು ಮಾತ್ರ. ಉಳಿದ ಎಂಟು ತಿಂಗಳ ಲೆಕ್ಕವನ್ನು ಕಾಡು ನೋಡಿಕೊಳ್ಳುತ್ತದೆ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ಕೊನೆಯ ವಾರದಲ್ಲಿ, ಬಾದಾಮಿ ಸೀಮೆಯ ಒಬ್ಬ ಹಿರಿಯ ರೈತರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಪ್ಪತ್ತು ವರ್ಷ ಹೊಳೆಯ ದಂಡೆಯಲ್ಲಿಯೇ ಬಾಳಿದವರು. ಅದರ ಮೂಲವನ್ನು ಕಂಡಿರಲಿಲ್ಲ. ಕಣಕುಂಬಿಯ ಮಾವುಲಿ ದೇವಿಯ ಗುಡಿಯ ಕುಂಡದಲ್ಲಿ ಕೈಕಾಲು ತೊಳೆದು, ಹಣೆಗೆ ನೀರು ಹಚ್ಚಿಕೊಂಡು, "ಇಷ್ಟ ಏನ್ರೀ ನಮ್ಮವ್ವ?" ಎಂದರು. ಅವರ ದನಿಯಲ್ಲಿ ನಿರಾಸೆಯಿತ್ತು. ಅನುಮತಿ ಪಡೆದು, ಅರಣ್ಯ ಕಾವಲುಗಾರರ ಜೊತೆಯಲ್ಲಿ ನಾವು ಕಾಡಿನ ಕಾಲುದಾರಿ ಹಿಡಿದೆವು. ಹೊರಗಿನ ಬಯಲಿನಲ್ಲಿ ಹುಲ್ಲು ಸುಟ್ಟಂತೆ ಒಣಗಿತ್ತು. ನೆರಳಿಗೆ ಕಾಲಿಟ್ಟೊಡನೆ ಹಿರಿಯರು ಹೆಗಲ ಮೇಲಿನ ಟವೆಲ್ಲಿನಿಂದ ಬೆವರು ಒರೆಸಿಕೊಂಡು ನಿಂತುಬಿಟ್ಟರು. ನಾನು ಅವರಿಗೆ ಒಂದು ಮರದ ಬುಡದಲ್ಲಿ ಕೂಡಲು ಹೇಳಿ, ತರಗೆಲೆಗಳನ್ನು ಒಂದೊಂದೇ ಪದರವಾಗಿ ಸರಿಸಲು ಹೇಳಿದೆ. ಮೇಲಿನ ಎಲೆಗಳು ಹಪ್ಪಳದಂತೆ ಮುರಿದವು. ಅವುಗಳ ಕೆಳಗಿನವು ಮೆತ್ತಗಾಗಿದ್ದವು. ಅದರ ಕೆಳಗೆ ಎಲೆಗಳ ನರ ಮಾತ್ರ ಉಳಿದು, ನಡುವೆ ಶಿಲೀಂಧ್ರದ ಬಿಳಿಯ ಎಳೆಗಳು ಹೆಣೆದುಕೊಂಡಿದ್ದವು. ಇನ್ನೂ ನಾಲ್ಕು ಬೆರಳು ಆಳದಲ್ಲಿ ಕಪ್ಪು ಮಣ್ಣು ಸಿಕ್ಕಿತು. ಅವರು ಒಂದು ಹಿಡಿ ತೆಗೆದು, ಬಿತ್ತುವ ಮುನ್ನ ಹೊಲದ ಹದ ನೋಡುವಂತೆ ಮುಷ್ಟಿ ಬಿಗಿದರು. ಮುಷ್ಟಿ ತೆರೆದಾಗ ಮಣ್ಣು ಉಂಡೆಯಾಗಿ ಕುಳಿತಿತ್ತು. ಅಂಗೈಯ ಗೆರೆಗಳಲ್ಲಿ ತೇವ ಹೊಳೆಯುತ್ತಿತ್ತು.

"ಅಲ್ರೀ ಸರ್, ನಮ್ಮ ಬಾವಿ ತಳ ಕಂಡೈತಿ, ಇಲ್ಲಿ ಎಲಿ ಬುಡಕ ಹಸಿ ಐತಲ್ರೀ!" ಎಂದರು. ಬಳಿಕ ಆ ಮಣ್ಣನ್ನು ತೆಗೆದ ಜಾಗದಲ್ಲಿಯೇ ಇಟ್ಟು, ಎಲೆಗಳನ್ನು ಅದೇ ಕ್ರಮದಲ್ಲಿ ಮೇಲೆ ಹೊದಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿದರು. ಹಿಂತಿರುಗುವ ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ.

ನಾನು ಹೇಳಬೇಕಾದುದು ಇದೇ. ಮಳೆಯ ಹನಿಯ ಹೊಡೆತವನ್ನು ಮರದ ಎಲೆಗಳು ತಡೆಯುತ್ತವೆ, ತರಗೆಲೆಯ ಹಾಸು ಅದನ್ನು ಹೀರುತ್ತದೆ, ಬೇರುಗಳು ಕೊರೆದ ದಾರಿಯಲ್ಲಿ ಅದು ಜಂಬಿಟ್ಟಿಗೆ ಕಲ್ಲಿನ ರಂಧ್ರಗಳಿಗೆ ಇಳಿದು, ತಿಂಗಳುಗಟ್ಟಲೆ ಜಿನುಗುತ್ತದೆ. ಇದನ್ನು ಕಾಣಬೇಕಾದರೆ ಬೇಸಿಗೆಯಲ್ಲಿಯೇ ಹೋಗಬೇಕು.

ಸಮಯ ಕಡಿಮೆ ಉಳಿದಿರುವುದರಿಂದ ಬೇರೆ ಸಂಗತಿಗಳನ್ನು ಬೇಗ ಹೇಳುತ್ತೇನೆ. 2011ರಲ್ಲಿ ಘೋಷಣೆಯಾದ ಈ ಧಾಮ ಸುಮಾರು 190 ಚದರ ಕಿಲೋಮೀಟರ್ ವಿಸ್ತಾರವಾಗಿದೆ. ಕಾಡುಕೋಣ, ಕರಡಿ, ಕಾಳಿಂಗ ಸರ್ಪ, ಮಂಗಟ್ಟೆ ಹಕ್ಕಿ ಇಲ್ಲಿವೆ. ಶಿವಾಜಿಯ ಕಾಲದ ಕೋಟೆಯಿಂದಲೇ ಭೀಮಗಡವೆಂಬ ಹೆಸರು ಬಂದಿದೆ. ಜಾಂಬೋಟಿಯ ಬಳಿ ಮಹದಾಯಿಯ ವಜ್ರಪೋಹ ಜಲಪಾತವಿದೆ. ಬಾರಾಪೇಡೆ ಗುಹೆಯಲ್ಲಿ ರಾಟನ್ನನ ಬಾವಲಿ ಎಂಬ ಅಪರೂಪದ ಬಾವಲಿ ವಾಸಿಸುತ್ತದೆ. 1913ರಲ್ಲಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟ ಮೇಲೆ, ಬಹುಕಾಲ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ಕಂಡಿರಲಿಲ್ಲ, ಅನಂತರವೇ ಮೇಘಾಲಯ ಮತ್ತು ಕಾಂಬೋಡಿಯಾಗಳಲ್ಲಿ ಸಿಕ್ಕಿತು. ದಯವಿಟ್ಟು ಬ್ಯಾಟರಿ ಹಿಡಿದು ಆ ಗುಹೆಯೊಳಗೆ ನುಗ್ಗಬೇಡಿ. ಸೌಂಡ್ ಬಾಕ್ಸ್ ಹೊತ್ತು ಕಾಡಿಗೆ ಬರುವವರಿಗೆ ನಾನು ಇನ್ನೆಷ್ಟು ಸಲ ಹೇಳಬೇಕೋ ತಿಳಿಯದು, ಅದನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ.

ಶಾಲೆಯ ಪ್ರವಾಸವನ್ನು ಯೋಜಿಸುವ ಗುರುಗಳು, ಗುರುಮಾತೆಯರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ, ಬೆಳಗಾವಿಯಿಂದ ನಸುಕಿನಲ್ಲಿಯೇ ಜಾಂಬೋಟಿಯ ದಾರಿ ಹಿಡಿಯಿರಿ, ಮಕ್ಕಳನ್ನು ಮೊದಲು ಕಣಕುಂಬಿಯಲ್ಲಿ ಇಳಿಸಿ ಆ ಕುಂಡದ ನೀರನ್ನು ಮುಟ್ಟಿಸಿರಿ. ಮಾರ್ಚ್ ತಿಂಗಳಿನಲ್ಲಿ. ನಮಸ್ಕಾರ.