ಏರ್‌ಗನ್ ಇಲಿಗೆ, ಮಂಗನಿಗಲ್ಲ

ನಮಸ್ಕಾರ. ಕಾಫಿ ಕೊಯ್ಲು ಶುರುವಾಯಿತೆಂದರೆ ನನಗೆ ಬರುವ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ಮಳೆಗಾಲವಿಡೀ ಕೊಳೆರೋಗ, ಬೋರ್ಡೋ ದ್ರಾವಣ ಎಂದು ಕೇಳುತ್ತಿದ್ದವರೇ ನವೆಂಬರ್ ಬಂದೊಡನೆ ‘ಏರ್‌ಗನ್ ಯಾವುದು ಒಳ್ಳೆಯದು, ಸ್ಕೋಪ್ ಎಂಥದು ಹಾಕಿಸಲಿ’ ಎಂದು ಶುರು ಮಾಡುತ್ತಾರೆ. ಸಕಲೇಶಪುರದವರು ಕೇಳುತ್ತಾರೆ, ಆಲೂರಿನವರು ಕೇಳುತ್ತಾರೆ, ನಮ್ಮ ಮೂಡಿಗೆರೆಯವರಂತೂ ಸಂತೆಯಲ್ಲಿ ಸಿಕ್ಕಿದರೂ ಅದನ್ನೇ ಕೇಳುತ್ತಾರೆ. ನಾನು ತಿರುಗಿಸಿ ಕೇಳುವುದು ಒಂದೇ ಪ್ರಶ್ನೆ: ಯಾವುದಕ್ಕೆ ಹೊಡೆಯಬೇಕು ಅಂತಿದ್ದೀರಿ?

ಅರ್ಧದಷ್ಟು ಜನ ಇಲಿ, ಹೆಗ್ಗಣ ಎನ್ನುತ್ತಾರೆ. ಉಳಿದರ್ಧ ಜನ ಸ್ವಲ್ಪ ತಡೆದು ‘ಮಂಗ’ ಎನ್ನುತ್ತಾರೆ. ಇಲಿ ಎಂದವರಿಗೆ ಹೇಳಲು ಬಹಳಷ್ಟಿದೆ. ಮಂಗ ಎಂದವರ ವಿಚಾರ ಮೊದಲು ಮುಗಿಸಿಬಿಡೋಣ.

ಮಂಗ, ನವಿಲು, ಗಿಳಿ, ಕಾಫಿ ಹಣ್ಣು ತಿನ್ನುವ ಪುನುಗು ಬೆಕ್ಕು, ಏಲಕ್ಕಿ ತೋಟದ ಮರಗಳ ಮೇಲಿನ ಕೆಂದಳಿಲು, ಕಾಡುಹಂದಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ‘ಕೊಲ್ಲುವುದಿಲ್ಲ ಸ್ವಾಮಿ, ಬೆನ್ನಿಗೊಂದು ಬಿಟ್ಟು ಹೆದರಿಸುತ್ತೇನೆ ಅಷ್ಟೆ’ ಎನ್ನುವವರು ಕಾಯ್ದೆಯಲ್ಲಿ ಬೇಟೆ ಎಂದರೆ ಏನೆಂದು ಬರೆದಿದೆ ಎಂಬುದನ್ನು ಓದಬೇಕು. ಗಾಯ ಮಾಡುವುದೂ ಬೇಟೆಯೇ, ಪ್ರಯತ್ನಪಟ್ಟು ಗುರಿ ತಪ್ಪಿದರೂ ಬೇಟೆಯೇ. ಕಾನೂನನ್ನು ಒಂದು ಕ್ಷಣ ಬದಿಗಿಟ್ಟರೂ, ಏರ್‌ಗನ್ನಿನ ಪೆಲೆಟ್ಟಿಗೆ, ಅಂದರೆ ಆ ಸಣ್ಣ ಸೀಸದ ಗುಂಡಿಗೆ, ಮಂಗ ಅಲ್ಲೇ ಬೀಳುವುದಿಲ್ಲ. ಚರ್ಮದೊಳಗೆ ಸೀಸ ಇಟ್ಟುಕೊಂಡು, ಗಾಯ ಕೀವಾಗಿ, ನಿಮ್ಮದೇ ತೋಟದ ಯಾವುದೋ ಮೂಲೆಯಲ್ಲಿ ಸಾಯುತ್ತದೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯವರಿಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಸೋಂಕಿದ್ದ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಇಳಿದು ಬೇರೆ ಮೈ ಹುಡುಕುತ್ತದೆ. ಮರುದಿನ ಅಲ್ಲಿ ಸೊಪ್ಪು ತರಲು ಹೋಗುವವರು ನಿಮ್ಮ ಮನೆಯವರೋ ಕೆಲಸದವರೋ ಆಗಿರುತ್ತಾರೆ. ಮಂಗಕ್ಕೆಂದು ಏರ್‌ಗನ್ ಕೊಳ್ಳುವ ಯೋಚನೆ ಇದ್ದರೆ ಈ ವಿಡಿಯೊವನ್ನು ಇಲ್ಲಿಗೇ ನಿಲ್ಲಿಸಬಹುದು. ನನ್ನ ಹತ್ತಿರ ನಿಮಗೆ ಸಲಹೆ ಇಲ್ಲ.

ಸರಿ, ಇಲಿ.

ಇಲಿಗೆ ಏರ್‌ಗನ್ ಮೊದಲ ಔಷಧವೂ ಅಲ್ಲ. ಕೋಳಿಗೂಡಿನ ಬುಡಕ್ಕೆ ಸಣ್ಣ ಕಣ್ಣಿನ ಜಾಲರಿ, ಅಡಿಕೆ ಅಟ್ಟಕ್ಕೆ ಹತ್ತುವ ಕಂಬಕ್ಕೆ ತಗಡು, ಬಿಲಕ್ಕೆ ಸಿಮೆಂಟು, ಗೋಡೆಗೆ ತಾಗದಂತೆ ಮೂಟೆ ಜೋಡಿಸುವುದು, ಬೋನು. ಇಷ್ಟು ಮಾಡಿದರೆ ಮುಕ್ಕಾಲು ಪಾಲು ಕಾಟ ಕಡಿಮೆಯಾಗುತ್ತದೆ. ವಿಷದ ಬಿಲ್ಲೆ ಇಟ್ಟರೂ ಇಲಿ ಸಾಯುತ್ತದೆ, ಆದರೆ ಆ ಬಿಲ್ಲೆಯಲ್ಲಿರುವ ಬ್ರೊಮಾಡಿಯೋಲೋನ್ ಎಂಬ ವಿಷ ತಿಂದ ಇಲಿ ಆ ಕ್ಷಣಕ್ಕೆ ಸಾಯದೆ ಕೆಲವು ದಿನ ಅರೆಜೀವವಾಗಿ ಓಡಾಡುತ್ತದೆ. ಅದನ್ನು ಹಿಡಿದು ತಿನ್ನುವುದು ನಿಮ್ಮ ಬೆಕ್ಕು, ನಾಯಿ, ಇಲ್ಲವೇ ರಾತ್ರಿ ಪುಕ್ಕಟೆಯಾಗಿ ಇಲಿ ಹಿಡಿದುಕೊಡುವ ಗೂಬೆ. ಕೋಳಿ, ನಾಯಿ, ಮಕ್ಕಳು ಎಲ್ಲರೂ ಓಡಾಡುವ ಹಿತ್ತಲಿನಲ್ಲಿ ವಿಷ ಬೇಡ ಎನ್ನುವವರಿಗೆ, ಬೋನನ್ನು ಕಂಡರೆ ಸುತ್ತು ಹಾಕಿ ಹೋಗುವ ಹಳೆಯ ಹೆಗ್ಗಣಕ್ಕೆ ಏರ್‌ಗನ್ ಒದಗುತ್ತದೆ. ಅದರ ಜಾಗ ಅಷ್ಟೇ.

ಹಾಗಾದರೆ ಯಾವುದು? ಇಲ್ಲಿ ಅಂಗಡಿಯವರಿಗೂ ನನಗೂ ಜಗಳ. ಅಂಗಡಿಯವರು ಮೊದಲು ಹೇಳುವುದು ವೇಗ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಸೆಕೆಂಡಿಗೆ 1000 ಅಡಿ ಎಂದು ಬರೆದಿರುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. 1000 ಅಡಿ ಎಂದರೆ ಸುಮಾರು 305 ಮೀಟರ್. ಸಾಮಾನ್ಯ ಸೀಸದ ಪೆಲೆಟ್ ಒಂದರ ತೂಕ ಅರ್ಧ ಗ್ರಾಂ ಆಸುಪಾಸು, 8 ಗ್ರೇನ್ ಎನ್ನುತ್ತಾರೆ. ಆ ತೂಕಕ್ಕೆ ಆ ವೇಗ ನಿಜವಾಗಿಯೂ ಇದ್ದರೆ ಶಕ್ತಿ 24 ಜೂಲ್ ಆಗುತ್ತದೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಏರ್‌ಗನ್ನಿಗೆ 2016ರ ಆಯುಧ ನಿಯಮಗಳು ಹಾಕಿದ ಮಿತಿ 20 ಜೂಲ್, ನಳಿಕೆ 4.5 ಮಿಲಿಮೀಟರ್. ಅಂದರೆ ಡಬ್ಬದ ಮಾತು ನಿಜವಾದರೆ ಅದನ್ನು ನಿಮಗೆ ಹಾಗೆಯೇ ಮಾರುವಂತಿಲ್ಲ, ಮಾರುತ್ತಿದ್ದಾರೆ ಎಂದರೆ ಡಬ್ಬದ ಮಾತಿನಲ್ಲಿ ಏನೋ ಇದೆ. ಅಲ್ಲಿರುವುದು ಹಗುರ ಪೆಲೆಟ್. 5 ಗ್ರೇನಿನ ಮಿಶ್ರಲೋಹದ ಪೆಲೆಟ್ ಹಾಕಿದರೆ ಅದೇ 305 ಮೀಟರ್ ವೇಗಕ್ಕೆ 15 ಜೂಲ್ ಮಾತ್ರ. ನೀವು ಮನೆಗೆ ಬಂದು ಸೀಸದ ಪೆಲೆಟ್ ಹಾಕಿದಾಗ ಆ 1000 ಅಡಿ ಎಲ್ಲಿಗೋ ಹೋಗಿರುತ್ತದೆ.

ಹೋಗಲಿ ಬಿಡಿ, ನಿಮಗೆ ಅದು ಬೇಕಾಗಿಯೂ ಇರಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ, ಇದೇ 4.5 ಮಿಲಿಮೀಟರ್ ಪೆಲೆಟ್ಟಿನಲ್ಲಿ. ಆ ಸ್ಪರ್ಧೆಯ ಗುರಿಹಲಗೆಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಸ್ಪರ್ಧೆಯ ರೈಫಲ್‌ಗಳ ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ನಿಮ್ಮ ಅಡುಗೆಮನೆ ಬಾಗಿಲಿನಿಂದ ಕೋಳಿಗೂಡಿಗೆ ಎಷ್ಟು ದೂರ? ಹತ್ತು, ಹನ್ನೆರಡು, ಹೆಚ್ಚೆಂದರೆ ಇಪ್ಪತ್ತು ಮೀಟರ್. ಆ ದೂರದಲ್ಲಿ ಹೆಗ್ಗಣದ ತಲೆ ಹತ್ತು ರೂಪಾಯಿ ನಾಣ್ಯದಷ್ಟು. ಅಲ್ಲಿಗೆ ಬಿದ್ದರೆ 10 ಜೂಲ್ ಸಾಕು. ಹೊಟ್ಟೆಗೆ ಬಿದ್ದರೆ 20 ಜೂಲ್ ಇದ್ದರೂ ಅದು ಕಿರುಚುತ್ತಾ ಬಿಲಕ್ಕೆ ನುಗ್ಗಿ ಒಳಗೆ ನರಳಿ ಸಾಯುತ್ತದೆ, ಆಮೇಲೆ ಮನೆಯೆಲ್ಲ ನಾತ.

ಆದ್ದರಿಂದ ನನ್ನ ಮಾತು ಇಷ್ಟು: ಶಕ್ತಿ ಮಧ್ಯಮ, ಕುದುರೆ (ಟ್ರಿಗರ್) ಹಗುರ. ಕುದುರೆ ಎಳೆಯಲು ಬಹಳ ಬಲ ಹಾಕಬೇಕಾದ ರೈಫಲ್ ನಿಮ್ಮ ಗುರಿಯನ್ನು ತಾನೇ ಕೆಡಿಸುತ್ತದೆ. ನಳಿಕೆ ಮಡಚುವ ಸ್ಪ್ರಿಂಗ್ ರೈಫಲ್ ಸಾಕು, ಬೆಲೆಯೂ ಕೈಗೆಟಕುತ್ತದೆ, ರಿಪೇರಿಯೂ ಸುಲಭ. ಗಾಳಿ ತುಂಬಿಸುವ ಪಿಸಿಪಿ ರೈಫಲ್ ಚೆನ್ನಾಗಿರುತ್ತದೆ, ಒದೆತವೇ ಇಲ್ಲ. ಆದರೆ ಅದಕ್ಕೆ 200 ಬಾರ್ ಒತ್ತಡ ಕೊಡುವ ಕೈಪಂಪು ಬೇಕು, ಅದರ ಸೀಲುಗಳಿಗೆ ನಮ್ಮ ಮಳೆಗಾಲದ ತೇವ ಆಗದು. ಹಿತ್ತಲಿನ ನಾಲ್ಕು ಇಲಿಗೆ ಅಷ್ಟು ಸಂಸಾರ ಬೇಡ ಎನ್ನುವುದು ನನ್ನ ಅಭಿಪ್ರಾಯ. 5.5 ಮಿಲಿಮೀಟರ್ ನಳಿಕೆಯದ್ದು ಯಾರೋ ಕೊಡಿಸುತ್ತೇನೆ ಎಂದರೆ ಹೋಗಬೇಡಿ, ಅದಕ್ಕೆ ಪರವಾನಗಿ ಬೇಕು. ‘ಪಕ್ಕದ ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ’ ಎಂಬ ವಾದ ಸಕಲೇಶಪುರದ ಕಡೆ ಆಗಾಗ ಕೇಳಿಬರುತ್ತದೆ. ಆ ವಿನಾಯಿತಿ ಇರುವುದು ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ. ಹಾಸನ, ಚಿಕ್ಕಮಗಳೂರಿನ ತೋಟದವರಿಗಲ್ಲ.

ಇನ್ನು ಸ್ಕೋಪ್, ಅಂದರೆ ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು. ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲೇ.

ಸ್ಪ್ರಿಂಗ್ ರೈಫಲ್ಲಿನ ಒದೆತ ಎರಡು ಕಡೆಗೆ. ಒಳಗಿನ ಪಿಸ್ಟನ್ ಮುಂದಕ್ಕೆ ಹಾರುವಾಗ ರೈಫಲ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೆ ಎಗರುತ್ತದೆ. ದೊಡ್ಡ ಕೋವಿಗೆಂದು ಮಾಡಿದ ಸ್ಕೋಪ್ ಹಿಂದಿನ ಒದೆತವನ್ನು ತಡೆದೀತು, ಈ ಮುಂದಿನ ಒದೆತಕ್ಕೆ ಅದರ ಒಳಗಿನ ಗಾಜು ಸಡಿಲವಾಗುತ್ತದೆ. ಒಳಗೆ ಕಾಣುವ ಗುರಿಯ ಗೆರೆ ತಿರುಗಿ ನಿಲ್ಲುತ್ತದೆ, ಇವತ್ತು ಹೊಂದಿಸಿದ್ದು ನಾಳೆ ಇರುವುದಿಲ್ಲ. ‘ಏರ್‌ಗನ್ನಿಗೆ ತಕ್ಕದ್ದು’ ಎಂದು ತಯಾರಕರೇ ಬರೆದದ್ದನ್ನು ಮಾತ್ರ ಕೊಳ್ಳಿ. ಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಮೌಂಟ್ ಒಂದೇ ತುಂಡಿನದಾಗಿರಲಿ, ಹಿಂದಕ್ಕೆ ಜಾರದಂತೆ ತಡೆಯುವ ಪಿನ್ ಇರಲಿ. ನಮ್ಮಲ್ಲಿ ಸಿಗುವ ಬಹುತೇಕ ರೈಫಲ್‌ಗಳ ಮೇಲೆ ಇರುವುದು 11 ಮಿಲಿಮೀಟರಿನ ಕಂಡಿ, ಅದಕ್ಕೆ ಹೊಂದದ ಅಗಲದ ಮೌಂಟ್ ತಂದು ತಗಡಿನ ತುಂಡು ತುರುಕಿ ಬಿಗಿ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎರಡನೆಯದು ದೂರ. ಸಾಮಾನ್ಯ ರೈಫಲ್ ಸ್ಕೋಪ್ 100 ಗಜಕ್ಕೆ ಹೊಂದಿಸಿದ್ದು. 10 ಮೀಟರಿನ ಇಲಿಯನ್ನು ಅದರಲ್ಲಿ ನೋಡಿದರೆ ಮಂಜು ಮಂಜು, ಕಣ್ಣು ಒಂದಿಷ್ಟು ಸರಿದರೂ ಗೆರೆ ಇಲಿಯ ಮೇಲಿಂದ ಸರಿದುಹೋಗುತ್ತದೆ. ಮುಂದಿನ ಗಾಜಿನ ಉಂಗುರ ತಿರುಗಿಸಿ 10 ಗಜದವರೆಗೂ ಹೊಂದಿಸಲು ಬರುವ ಸ್ಕೋಪ್ ಇರುತ್ತದೆ, ಅದನ್ನು ಕೇಳಿ. ‘3ರಿಂದ 9 ಪಟ್ಟು’ ಎಂದು ಕೇಳುವವರೇ ಜಾಸ್ತಿ. 9 ಪಟ್ಟಿನಲ್ಲಿ ಹಿತ್ತಲಿನ ಇಲಿ ಹುಡುಕುವಷ್ಟರಲ್ಲಿ ಅದು ಪಕ್ಕದ ಮನೆ ಸೇರಿರುತ್ತದೆ. 4 ಪಟ್ಟು, ಮುಂದಿನ ಗಾಜು 32 ಮಿಲಿಮೀಟರ್. ಸಂಜೆ ಬೆಳಕು ಇಳಿದ ಮೇಲೂ ಇದರಲ್ಲಿ ಕಾಣುತ್ತದೆ, ಏಕೆಂದರೆ 32ನ್ನು 4ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 8 ಮಿಲಿಮೀಟರ್. 40ರ ಗಾಜನ್ನು 9 ಪಟ್ಟಿಗೆ ಏರಿಸಿದರೆ ಅದು ನಾಲ್ಕೂವರೆ ಮಿಲಿಮೀಟರಿಗೂ ಬರುವುದಿಲ್ಲ. ಇಲಿ ಹೊರಡುವುದೇ ಬೆಳಕು ಇಳಿದ ಆ ಹೊತ್ತಿಗೆ.

ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸ್ಕೋಪ್ ನಳಿಕೆಯ ಮೇಲೆ ನಾಲ್ಕೈದು ಸೆಂಟಿಮೀಟರ್ ಎತ್ತರದಲ್ಲಿ ಕೂತಿರುತ್ತದೆ. 20 ಮೀಟರಿಗೆ ಗುರಿ ಹೊಂದಿಸಿದ ರೈಫಲ್ಲಿನಲ್ಲಿ 5 ಮೀಟರಿನ ಇಲಿಗೆ ನೇರ ಗೆರೆ ಇಟ್ಟು ಹೊಡೆದರೆ ಪೆಲೆಟ್ ಎರಡು ಸೆಂಟಿಮೀಟರಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಹತ್ತಿರ ಇದ್ದದ್ದಕ್ಕೇ ತಪ್ಪಿತಲ್ಲ ಎಂದು ಸ್ಕೋಪ್ ಬಯ್ಯುವವರು ಬಹಳ. ಒಂದು ಭಾನುವಾರ ಕಾಫಿ ಕಣದ ಬದಿಯಲ್ಲಿ ಮರಳು ತುಂಬಿದ ಗೋಣಿಚೀಲ ನಿಲ್ಲಿಸಿ, ಅದಕ್ಕೆ ಕಾಗದ ಅಂಟಿಸಿ, 5, 10, 15, 20 ಮೀಟರಿನಿಂದ ಐದೈದು ಹೊಡೆದು ಪೆಲೆಟ್ ಎಲ್ಲಿ ಬೀಳುತ್ತದೆಂದು ಬರೆದಿಟ್ಟುಕೊಳ್ಳಿ. ಚಪ್ಪಟೆ ತಲೆಯ ಪೆಲೆಟ್ ಕಾಗದದಲ್ಲಿ ದುಂಡಗೆ ತೂತು ಮಾಡುತ್ತದೆ, ಈ ದೂರಕ್ಕೆ ಇಲಿಗೂ ಅದೇ ಒಳ್ಳೆಯದು. ಎರಡು ಮೂರು ಬಗೆಯ ಡಬ್ಬ ತಂದು ನೋಡಿ, ಒಂದೇ ರೈಫಲ್ ಒಂದು ಪೆಲೆಟ್ಟಿಗೆ ಒಲಿದು ಇನ್ನೊಂದಕ್ಕೆ ಮುನಿಯುತ್ತದೆ. ಹೊಡೆಯುವಾಗ ರೈಫಲ್ಲನ್ನು ಬಿಗಿಯಾಗಿ ಹಿಡಿಯಬೇಡಿ. ಎಡ ಅಂಗೈಯನ್ನು ಚಾಚಿ ಅದರ ಮೇಲೆ ಸುಮ್ಮನೆ ಕೂರಿಸಿ, ಅದು ಹೇಗೆ ಒದೆಯುತ್ತದೋ ಹಾಗೆ ಒದೆಯಲು ಬಿಡಿ. ಸ್ಪ್ರಿಂಗ್ ರೈಫಲ್ಲಿಗೆ ಅದೇ ಹಿಡಿತ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ಪಿಸ್ಟನ್ ಸೀಲು ಹೋಗುತ್ತದೆ.

ಮಳೆಗಾಲಕ್ಕೆ ಮುಂಚೆ ಸ್ಕೋಪನ್ನು ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಮಲೆನಾಡಿನ ಜೂನ್, ಜುಲೈ ತಿಂಗಳಲ್ಲಿ ಗಾಜಿನ ಮೇಲೆ ಬೂಷ್ಟು ಜೇಡರ ಬಲೆಯ ಹಾಗೆ ಹರಡುತ್ತದೆ, ಕ್ಯಾಮೆರಾ ಇಟ್ಟುಕೊಂಡವರಿಗೆ ಗೊತ್ತು. ಒಳಗೆ ಹತ್ತಿದ ಬೂಷ್ಟನ್ನು ಮನೆಯಲ್ಲಿ ಒರೆಸಲು ಬರುವುದಿಲ್ಲ. ನಳಿಕೆಗೆ ಎಣ್ಣೆ ಹಚ್ಚಿ, ಆದರೆ ಪಿಸ್ಟನ್ ಇರುವ ಕೋಣೆಯೊಳಗೆ ಬಿಡಬೇಡಿ, ಒತ್ತಡಕ್ಕೆ ಎಣ್ಣೆ ಉರಿದು ಢಂ ಎನ್ನುತ್ತದೆ.

ಹಿಂದೆ ಏನಿದೆ ನೋಡದೆ ಹೊಡೆಯುವವರಿಗೆ ಮಾತ್ರ ಯಾವ ರೈಫಲ್ಲೂ ಕೊಡಬಾರದು. ಪೆಲೆಟ್ ಕಲ್ಲಿಗೆ, ಸಿಮೆಂಟ್ ನೆಲಕ್ಕೆ ಬಡಿದು ಹಾರುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು. ತೋಟದ ಕೆಲಸದವರ ಲೈನ್ ಮನೆಗಳ ಕಡೆಗೆ, ಹಂಚಿನ ಮೇಲಕ್ಕೆ, ಮರದ ಮೇಲಕ್ಕೆ ಹೊಡೆಯಲೇಬೇಡಿ. ಇಲಿ ಯಾವ ದಾರಿಯಲ್ಲಿ ಬರುತ್ತದೆಂದು ಎರಡು ರಾತ್ರಿ ನೋಡಿ, ಆ ದಾರಿಯ ಹಿಂದೆ ಮೊದಲೇ ಮರಳಿನ ಚೀಲ ಇಟ್ಟು, ಅಲ್ಲೇ ಒಂದು ಹಿಡಿ ಕಡಲೆ ಚೆಲ್ಲಿ ಕಾಯಿರಿ. ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿದರೆ ಇಲಿ ಅಷ್ಟಾಗಿ ಬೆದರುವುದಿಲ್ಲ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಇಲಿಜ್ವರದ ಭಯ ಇದ್ದೇ ಇದೆ. ಬೆಕ್ಕಿಗೂ ಎಸೆಯಬೇಡಿ, ಅದರೊಳಗೆ ಸೀಸ ಇದೆ. ಆಳವಾಗಿ ಹೂಳಿ, ಪೆಲೆಟ್ ಮುಟ್ಟಿದ ಕೈ ತೊಳೆದು ಊಟಕ್ಕೆ ಕೂರಿ.

ಕೊನೆಗೆ, ಇಷ್ಟೆಲ್ಲ ಕೇಳಿಯೂ ‘ಬ್ರ್ಯಾಂಡ್ ಹೇಳಲಿಲ್ಲವಲ್ಲ’ ಎನ್ನುವವರಿಗೆ: ನಿಮ್ಮ ಬಾಗಿಲಿನಿಂದ ಇಲಿ ಬರುವ ಜಾಗಕ್ಕೆ ಎಷ್ಟು ಮೀಟರ್, ಅದರ ಹಿಂದೆ ಏನಿದೆ, ಇವೆರಡನ್ನು ಟೇಪು ಹಿಡಿದು ಅಳೆದು ಬರೆದು ಕಳುಹಿಸಿ. 15 ಮೀಟರಿನ ಒಳಗಾದರೆ ಸ್ಕೋಪಿನ ದುಡ್ಡನ್ನೂ ಉಳಿಸಿ, ರೈಫಲ್ಲಿನ ಜೊತೆ ಬರುವ ಸಾದಾ ಗುರಿಕಂಡಿಯಲ್ಲೇ ಕಲಿಯಿರಿ, ಉಳಿದದ್ದಕ್ಕೆ ಪೆಲೆಟ್ ಡಬ್ಬ ತನ್ನಿ ಎಂದೇ ಬಹುಶಃ ಉತ್ತರ ಬರೆಯುತ್ತೇನೆ.