ಗುರುತಿಲ್ಲದ ಕೊಂಡಿಗೆ ಭಾರ ಕೊಡಬೇಡಿ

ಕೇಳುಗರೇ, ನಮಸ್ಕಾರ. ಗ್ಯಾರೇಜು, ಕಲ್ಲು ಕ್ವಾರಿ, ಗೋಡೌನುಗಳಲ್ಲಿ ಚೈನ್ ಹಾಕಿ ಭಾರ ಎತ್ತುವವರು ಕೇಳುತ್ತಿದ್ದರೆ, ಈ ಮಾತು ನಿಮಗೇ. ನಾನು ಹೇಳುವುದು ಒಂದೇ ವಿಷಯ. ಕಡಿದ ಚೈನನ್ನು ಜೋಡಿಸುವ ಕೊಂಡಿಯ ಮೇಲೆ ಗುರುತು ಅಚ್ಚೊತ್ತಿರಬೇಕು. ಗುರುತಿಲ್ಲ ಅಂದರೆ ಅದರಲ್ಲಿ ಏನನ್ನೂ ಎತ್ತಬೇಡಿ.

ಜಿಗಣಿ ಕಡೆ ಒಂದು ಗ್ರಾನೈಟ್ ಕಾರ್ಖಾನೆಗೆ ಹೋಗಿದ್ದೆ. ಕ್ರೇನಿನಲ್ಲಿ ಹೆಚ್ಚುಕಡಿಮೆ ಒಂದು ಘನ ಮೀಟರ್ ಕಲ್ಲು ನೇತಾಡುತ್ತಿತ್ತು. ಅಂದರೆ ಸುಮಾರು 2.7 ಟನ್. ಚೈನ್ ಒಳ್ಳೆಯದೇ, ಕಂಬಿಯ ದಪ್ಪ 10 ಎಂಎಂ, ಗ್ರೇಡ್ (ಉಕ್ಕಿನ ಶಕ್ತಿಯ ದರ್ಜೆ) 80. ನೇರವಾಗಿ ಎತ್ತಿದರೆ ಒಂದೇ ಎಳೆ 3.15 ಟನ್ ಹೊರುತ್ತದೆ. ಆದರೆ ನಡುವೆ ಒಂದು ಕೊಂಡಿ ಹೋಗಿತ್ತು. ಅಕ್ಕಪಕ್ಕದ ಕೊಂಡಿಗಳನ್ನು ಜೊತೆಗೆ ಹಿಡಿದು, ಬೋಲ್ಟು ತೂರಿಸಿ ನಟ್ಟು ಬಿಗಿದಿದ್ದರು! ಮೊದಲು ಕಲ್ಲು ಇಳಿಸಿ ಅಂದೆ. "ಎಷ್ಟೋ ದಿನದಿಂದ ಹೀಗೇ ಎತ್ತುತ್ತಿದ್ದೀವಿ ಸಾರ್, ಏನೂ ಆಗಿಲ್ಲ" ಅಂದರು. ಸರಿ, ಬಿಚ್ಚಿ ನೋಡೋಣ ಅಂದರೆ ನಟ್ಟು ತಿರುಗಲೇ ಇಲ್ಲ. ಬೋಲ್ಟು ಅಷ್ಟು ಬಾಗಿತ್ತು. ಗ್ರೈಂಡರಿನಲ್ಲಿ ಕತ್ತರಿಸಿ ತೆಗೆದೆವು. ಗ್ರೀಸ್ ಒರೆಸಿದಾಗ ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಅದರೊಳಗೆ ತುಕ್ಕು ಕೂತಿತ್ತು. ಹಾಗಾದರೆ ಆ ಬಿರುಕು ಅವತ್ತು ಬಿಟ್ಟಿದ್ದಲ್ಲ, ಅಲ್ವಾ? ಅದೇ ಬೋಲ್ಟಿನ ಕೆಳಗೆ ದಿನಾ ಹುಡುಗರು ಓಡಾಡುತ್ತಿದ್ದರು.

ಬೋಲ್ಟು ಇರುವುದು ಬಿಗಿದು ಹಿಡಿಯಲು. ಅಡ್ಡಕ್ಕೆ ಎಳೆದರೆ ಬಾಗುತ್ತದೆ, ಥ್ರೆಡ್ಡಿನ ಕಚ್ಚಿನಲ್ಲೇ ಸೀಳುತ್ತದೆ. "ಹಾಗಾದರೆ ವೆಲ್ಡಿಂಗ್ ಮಾಡಿಸ್ತೀವಿ" ಅಂದರು ಮಾಲೀಕರು. ದಯವಿಟ್ಟು ಬೇಡ. ಆ ಚೈನಿಗೆ ಶಕ್ತಿ ಬಂದಿರುವುದು ತಯಾರಿಸುವಾಗ ಕಾಯಿಸಿ ಹದ ಕೊಟ್ಟಿದ್ದರಿಂದ. ವೆಲ್ಡಿಂಗ್ ಬಿಸಿಗೆ ಹದ ಕೆಡುತ್ತದೆ. ಬೆಸುಗೆ ನೋಡಲು ಗಟ್ಟಿ ಕಾಣುತ್ತದೆ, ಅದರ ಪಕ್ಕದಲ್ಲೇ ಚೈನ್ ಕಡಿಯುತ್ತದೆ.

ಕಡಿದ ಚೈನ್ ಜೋಡಿಸುವ ಕೊಂಡಿ ಬೇಕಾದರೆ ಅಂಗಡಿಯಲ್ಲಿ ಹ್ಯಾಮರ್‌ಲಾಕ್ ಅಂತ ಕೇಳಿ. ಎರಡು ಅರ್ಧ ಕೊಂಡಿ, ನಡುವೆ ಒಂದು ಬುಶ್ (ಪಿನ್ ಹಿಡಿದಿಡುವ ಕೊಳವೆ), ಒಂದು ಪಿನ್. ಪಿನ್ ಬಡಿದು ಕೂರಿಸಿದರೆ ಆಯ್ತು. ಬೆಂಕಿಯ ಕೆಲಸವೇ ಇಲ್ಲ. ಮೈಮೇಲೆ 10-8 ಅಂತ ಇರುತ್ತದೆ. 10 ಎಂಎಂ ಚೈನಿಗೆ, ಗ್ರೇಡ್ 8. ಗ್ರೇಡ್ 8 ಅಂದರೂ 80 ಅಂದರೂ ಒಂದೇ. ಚೈನಿನ ಗುರುತೂ ಕೊಂಡಿಯ ಗುರುತೂ ಹೊಂದಬೇಕು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಸಮಯ ಆಗುತ್ತಾ ಬಂತು, ಶಾಕಲ್, ಅಂದರೆ ಪಿನ್ ಹಾಕಿ ಮುಚ್ಚುವ U ಆಕಾರದ ಕೊಂಡಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಅದರ ಮೇಲೂ ಎಷ್ಟು ಟನ್ ಅಂತ ಅಚ್ಚು ಇರಬೇಕು. ಪಿನ್ ಕಳೆದರೆ ಆ ಜಾಗಕ್ಕೆ ಸುಮ್ನೆ ಸಿಕ್ಕಿದ ಬೋಲ್ಟು ಹಾಕಬೇಡಿ, ಶಾಕಲ್ಲೇ ಬದಲಾಯಿಸಿ. ಭಾರ ಜಾಸ್ತಿ ಅಲುಗಾಡುವ ಕಡೆ ನಟ್ಟು, ಸ್ಪ್ಲಿಟ್ ಪಿನ್ ಇರುವುದನ್ನೇ ತನ್ನಿ. ಇನ್ನು, ಜೋಡಿಸುವ ಮೊದಲು ಚೈನಿಗೆ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ನೋಡಿ. 10 ಎಂಎಂ ಇದ್ದದ್ದು ಸವೆದು 9ಕ್ಕಿಂತ ಕೆಳಗೆ ಬಂದಿದ್ದರೆ ಯಾವ ಕೊಂಡಿ ಹಾಕಿಯೂ ಪ್ರಯೋಜನವಿಲ್ಲ, ಹೊಸ ಚೈನೇ ಬೇಕು. ಅಂಗಡಿಯವರು "ಇದೂ ಗಟ್ಟಿನೇ ಸಾರ್" ಅಂತ ಗುರುತಿಲ್ಲದ್ದು ಕೊಟ್ಟರೆ ಅಲ್ಲೇ ವಾಪಸ್ ಕೊಡಿ. ಗುರುತಿರುವುದನ್ನು ಟೆಸ್ಟ್ ಸರ್ಟಿಫಿಕೇಟ್ ಜೊತೆಗೇ ಕೇಳಿ ತನ್ನಿ. ನಮಸ್ಕಾರ.